ಟ್ರಾಯ್: ಊರು ಸುಟ್ಟದ್ದು ನಿಜ, ಸುಟ್ಟವರು ಯಾರು?

2025ರ ಬೇಸಿಗೆಯಲ್ಲಿ ಟರ್ಕಿಯ ವಾಯವ್ಯ ಮೂಲೆಯ ಹಿಸಾರ್ಲಿಕ್ ಎಂಬ ದಿಬ್ಬದಲ್ಲಿ, ಹಳೆಯ ಅರಮನೆಯೊಂದರ ಮುಂದಿನ ಪುಟ್ಟ ಜಾಗದಲ್ಲಿ, ಉತ್ಖನನಕಾರರಿಗೆ ರಾಶಿ ಕವಣೆಕಲ್ಲುಗಳು ಸಿಕ್ಕಿದವು. ಅಗೆತದ ಮುಖ್ಯಸ್ಥ ಪ್ರೊಫೆಸರ್ ರುಸ್ತೆಮ್ ಅಸ್ಲಾನ್ ಅವರು ಅಲ್ಲೊಂದು ಕಾಳಗ ನಡೆದಿರಬೇಕು ಎಂದರು. ಅಷ್ಟು ಸಾಕಾಯಿತು. ಹೋಮರ್ ಹಾಡಿದ ಟ್ರಾಯ್ ಯುದ್ಧಕ್ಕೆ ಕೊನೆಗೂ ಸಾಕ್ಷ್ಯ ಸಿಕ್ಕಿತೆಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಓಡಾಡಿತು. ಅದೇ ವರದಿಗಳ ಪ್ರಕಾರ ಆ ಕಲ್ಲುಗಳಿಗೆ ಸುಮಾರು 3500 ವರ್ಷ. ಆ ಯುದ್ಧದ್ದೆಂದು ವಿದ್ವಾಂಸರು ತೋರಿಸುವ ಬೆಂಕಿಗೆ 3200 ವರ್ಷ. ನಡುವಿನ ಮುನ್ನೂರು ವರ್ಷಗಳು ಶೀರ್ಷಿಕೆ ಬರೆದವರಿಗೆ ಒಂದು ಲೆಕ್ಕವೇ ಆಗಲಿಲ್ಲ.

ಕವಣೆಕಲ್ಲು ಸುಳ್ಳು ಹೇಳುವುದಿಲ್ಲ. ಯಾರೋ ಯಾರಿಗೋ ಬೀಸಿದ್ದಾರೆ, ಅಥವಾ ಬೀಸಲೆಂದು ಕೂಡಿಟ್ಟಿದ್ದಾರೆ ಎಂದು ಅದು ಹೇಳುತ್ತದೆ. ಬೀಸಿದವನ ಹೆಸರನ್ನು ಮಾತ್ರ ಅದು ಹೇಳದು. ಆ ಹೆಸರನ್ನು ನಾವು ಕಾವ್ಯದಿಂದ ತಂದು ಕಲ್ಲಿಗೆ ಅಂಟಿಸುತ್ತೇವೆ. ಕಳೆದ ನೂರೈವತ್ತು ವರ್ಷಗಳ ಟ್ರಾಯ್ ಉತ್ಖನನದ ಚರಿತ್ರೆ ಬಹುಮಟ್ಟಿಗೆ ಈ ಅಂಟಿಸುವಿಕೆಯ ಚರಿತ್ರೆ. ಕಾವ್ಯವನ್ನು ಚರಿತ್ರೆಯೆಂದು ಓದಿ, ಆ ಚರಿತ್ರೆಯನ್ನು ಮಣ್ಣಿನಲ್ಲಿ ಹುಡುಕಿ, ಸಿಕ್ಕದ್ದನ್ನೆಲ್ಲ ಕಾವ್ಯಕ್ಕೆ ಹೊಂದಿಸುವ ಅಭ್ಯಾಸ ಎಲ್ಲಿಗೆ ಒಯ್ಯುತ್ತದೆಂದು ತಿಳಿಯಬೇಕಾದರೆ ಈ ದಿಬ್ಬಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೊದಲು ಕಾವ್ಯದ ಮಾತು. 'ಇಲಿಯಡ್' ಕ್ರಿ.ಪೂ. ಎಂಟನೆಯ ಶತಮಾನದ ಆಸುಪಾಸಿನಲ್ಲಿ ರೂಪುಗೊಂಡಿತೆಂಬುದು ಸಾಮಾನ್ಯ ಅಭಿಪ್ರಾಯ. 24 ಸರ್ಗಗಳು, ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳು. ಇಷ್ಟು ದೊಡ್ಡ ಕಾವ್ಯ ಹತ್ತು ವರ್ಷಗಳ ಯುದ್ಧದ ಕತೆಯನ್ನೆಲ್ಲ ಹೇಳುತ್ತದೆಂದು ಓದದವರು ಭಾವಿಸುತ್ತಾರೆ. ನಿಜವಾಗಿ ಅದು ಹೇಳುವುದು ಹತ್ತನೆಯ ವರ್ಷದ ಕೆಲವು ವಾರಗಳ ಕತೆಯನ್ನು. ಅಕಿಲೀಸನ ಸಿಟ್ಟಿನಿಂದ ಆರಂಭವಾಗಿ ಹೆಕ್ಟರನ ಶವಸಂಸ್ಕಾರದೊಂದಿಗೆ ಅದು ಮುಗಿಯುತ್ತದೆ. ಮರದ ಕುದುರೆ ಅದರಲ್ಲಿಲ್ಲ. ಟ್ರಾಯ್ ಸುಡುವುದೂ ಅದರಲ್ಲಿಲ್ಲ. ಕುದುರೆಯ ಪ್ರಸ್ತಾಪ 'ಒಡಿಸ್ಸಿ'ಯಲ್ಲಿ ಬರುತ್ತದೆ. ನಗರ ಸುಡುವ ವಿಸ್ತಾರವಾದ ಚಿತ್ರ ನಮಗೆ ಸಿಗುವುದು ಏಳು ಶತಮಾನಗಳ ನಂತರ ಲ್ಯಾಟಿನ್‌ನಲ್ಲಿ ಬರೆದ ವರ್ಜಿಲನಲ್ಲಿ. ಅಂದರೆ ಪುರಾತತ್ವಜ್ಞರು ಕೈಯಲ್ಲಿ ಇಲಿಯಡ್ ಹಿಡಿದು ಹುಡುಕಿದ ಬೂದಿ ಇಲಿಯಡ್‌ನದ್ದೇ ಅಲ್ಲ.

ಹಾಗೆ ಹುಡುಕಿದವರಲ್ಲಿ ಮೊದಲ ಹೆಸರು ಹೈನ್ರಿಕ್ ಶ್ಲೀಮನ್ನನದು. ರಷ್ಯದಲ್ಲಿ ನೀಲಿಯ ವ್ಯಾಪಾರ ಮಾಡಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ ಚೆನ್ನಾಗಿ ದುಡ್ಡು ಗಳಿಸಿದ ಜರ್ಮನ್ ವರ್ತಕ. ಹಿಸಾರ್ಲಿಕ್‌ನಲ್ಲಿ ಟ್ರಾಯ್ ಇದೆಯೆಂದು ಮೊದಲು ಹೇಳಿದವನು ಇವನಲ್ಲ. 1822ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕ್ಲಾರೆನ್ ಹಾಗೆ ವಾದಿಸಿದ್ದ. ದಿಬ್ಬದ ಒಂದು ಭಾಗದ ಒಡೆಯನಾಗಿದ್ದ ಫ್ರಾಂಕ್ ಕ್ಯಾಲ್ವರ್ಟ್ 1860ರ ದಶಕದಲ್ಲಿ ಅಲ್ಲಿ ಅಗೆದೂ ನೋಡಿದ್ದ. 1868ರಲ್ಲಿ ಶ್ಲೀಮನ್ನನಿಗೆ ದಾರಿ ತೋರಿಸಿದವನು ಅವನೇ. ಹಣವಿದ್ದವನು ಹೆಸರು ಗಳಿಸಿದ, ತಿಳಿದಿದ್ದವನು ಅಡಿಟಿಪ್ಪಣಿಯಾದ. ಅಂದಹಾಗೆ, ಉರ್ದು ಬಲ್ಲ ಓದುಗರಿಗೆ 'ಹಿಸಾರ್' ಎಂಬ ಪದದ ಪರಿಚಯವಿರುತ್ತದೆ. ಕೋಟೆ, ಸುತ್ತುಗೋಡೆ. ಹರಿಯಾಣದ ಹಿಸಾರ್ ಪಟ್ಟಣದ ಹೆಸರೂ ಅದೇ. ಆ ದಿಬ್ಬದಲ್ಲಿ ಕೋಟೆಯೊಂದು ಹುದುಗಿದೆ ಎಂಬುದನ್ನು ಹೋಮರನನ್ನು ಓದದ ತುರ್ಕಿ ರೈತರು ಊರಿನ ಹೆಸರಿನಲ್ಲೇ ಉಳಿಸಿಕೊಂಡಿದ್ದರು.

1871ರಿಂದ 1873ರವರೆಗೆ ಶ್ಲೀಮನ್ ಆ ದಿಬ್ಬದ ಎದೆಯನ್ನು ಸೀಳಿ ಅಗಾಧವಾದ ಕಂದಕ ತೋಡಿದ. ಪ್ರಿಯಾಮನ ನಗರ ಎಲ್ಲಕ್ಕಿಂತ ಹಳೆಯದು, ಆದ್ದರಿಂದ ತಳದಲ್ಲೇ ಇರಬೇಕು ಎಂಬುದು ಅವನ ನಂಬಿಕೆ. ದಾರಿಯಲ್ಲಿ ಸಿಕ್ಕ ಗೋಡೆಗಳನ್ನು ಅಡ್ಡಿಯೆಂದು ತಿಳಿದು ಕೆಡವಿಸಿದ. 1873ರಲ್ಲಿ ತಳದ ಸಮೀಪ, ಇಂದು ಎರಡನೆಯ ಟ್ರಾಯ್ ಎಂದು ಕರೆಯಲಾಗುವ ಪದರದ ಬಳಿ, ಚಿನ್ನ ಸಿಕ್ಕಿತು. ಅದಕ್ಕೆ 'ಪ್ರಿಯಾಮನ ನಿಧಿ' ಎಂದು ಹೆಸರಿಟ್ಟ. ಹೆಂಡತಿ ಸೋಫಿಯಾಳಿಗೆ ಆ ಆಭರಣಗಳನ್ನು ತೊಡಿಸಿ ತೆಗೆಸಿದ ಛಾಯಾಚಿತ್ರ ಯುರೋಪಿನಲ್ಲೆಲ್ಲ ಪ್ರಸಿದ್ಧವಾಯಿತು. ನಿಧಿಯನ್ನು ಅವಳು ತನ್ನ ಶಾಲಿನಲ್ಲಿ ಕಟ್ಟಿಕೊಂಡು ಸಾಗಿಸಿದಳೆಂದು ಅವನು ಬರೆದ. ಆದರೆ ಆಗ ಸೋಫಿಯಾ ಅಲ್ಲಿರಲೇ ಇಲ್ಲ, ಅಥೆನ್ಸ್‌ನಲ್ಲಿದ್ದಳು. ಆ ಚಿನ್ನವೋ ಕ್ರಿ.ಪೂ. 2400ರ ಸುಮಾರಿನದು. ಪ್ರಿಯಾಮನೆಂಬ ಅರಸನಿದ್ದರೂ ಅವನಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದು. ಸಿಕ್ಕಿದ ವಸ್ತುಗಳ ನಡುವೆ ಯುದ್ಧ ನಡೆದಿರಬೇಕಾದ ಕಾಲದ್ದು ಏನೂ ಇಲ್ಲವೆಂದು ಕ್ಯಾಲ್ವರ್ಟ್ 1873ರಲ್ಲೇ ಬಹಿರಂಗವಾಗಿ ಬರೆದ. ಶ್ಲೀಮನ್ ಅವನನ್ನು ವೈರಿಯಂತೆ ಕಂಡ.

ಇಲ್ಲಿ ಉಸ್ಮಾನಿ ಸರಕಾರದ ಕತೆಯನ್ನೂ ಹೇಳಬೇಕು. ಪಾಶ್ಚಾತ್ಯ ಲೇಖಕರು ಇದನ್ನು ಎರಡು ಸಾಲಿನಲ್ಲಿ ದಾಟಿಬಿಡುವುದುಂಟು. ಅಗೆಯಲು ಕೊಟ್ಟ ಪರವಾನಗಿಯಲ್ಲಿ ಸಿಕ್ಕಿದ್ದರಲ್ಲಿ ಅರ್ಧ ಇಸ್ತಾಂಬುಲಿನ ವಸ್ತುಸಂಗ್ರಹಾಲಯಕ್ಕೆ ಸೇರಬೇಕೆಂಬ ಷರತ್ತಿತ್ತು. ಶ್ಲೀಮನ್ ಚಿನ್ನವನ್ನು ಗುಟ್ಟಾಗಿ ಗ್ರೀಸಿಗೆ ದಾಟಿಸಿದ. ಸರಕಾರ 1874ರಲ್ಲಿ ಅಥೆನ್ಸಿನ ನ್ಯಾಯಾಲಯದಲ್ಲೇ ಮೊಕದ್ದಮೆ ಹೂಡಿತು. ಕೊನೆಗೆ ಅವನು 50,000 ಫ್ರಾಂಕ್ ಕೊಟ್ಟು ರಾಜಿ ಮಾಡಿಕೊಂಡ. ಅದೇ 1874ರಲ್ಲಿ ಉಸ್ಮಾನಿ ರಾಜ್ಯ ಪ್ರಾಚೀನ ವಸ್ತುಗಳ ಕಾನೂನನ್ನು ಬಿಗಿಗೊಳಿಸಿತು. 1884ರಲ್ಲಿ, ಚಿತ್ರಕಲಾವಿದರೂ ಆಗಿದ್ದ ಉಸ್ಮಾನ್ ಹಮ್ದಿ ಬೇ ಅವರ ಮುಂದಾಳುತನದಲ್ಲಿ, ಅಂಥ ವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನೇ ನಿಷೇಧಿಸಿತು. ಪೂರ್ವದೇಶದವರಿಗೆ ತಮ್ಮ ನೆಲದ ಪ್ರಾಚೀನತೆಯ ಬೆಲೆ ಗೊತ್ತಿರಲಿಲ್ಲ, ಯುರೋಪಿನವರು ಬಂದು ಉಳಿಸಿದರು ಎಂಬ ಮಾತು ಎಷ್ಟು ಟೊಳ್ಳೆಂದು ತಿಳಿಯಲು ಇದೊಂದು ಪ್ರಕರಣ ಸಾಕು. ಆ ಚಿನ್ನ ಮುಂದೆ ಬರ್ಲಿನ್ ಸೇರಿತು. 1945ರಲ್ಲಿ ಸೋವಿಯತ್ ಸೇನೆ ಅದನ್ನು ಮಾಸ್ಕೋಗೆ ಹೊತ್ತೊಯ್ದಿತು. ಅರ್ಧ ಶತಮಾನ ಕಾಲ ತನ್ನಲ್ಲಿಲ್ಲವೆಂಬಂತೆ ಸುಮ್ಮನಿದ್ದು, 1990ರ ದಶಕದಲ್ಲಿ ರಷ್ಯ ಒಪ್ಪಿಕೊಂಡಿತು. 1996ರಲ್ಲಿ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿತು. ಮೂರು ದೇಶಗಳು ತಮ್ಮದೆನ್ನುವ ಈ ನಿಧಿಗೂ ಪ್ರಿಯಾಮನಿಗೂ ಯಾವ ಸಂಬಂಧವೂ ಇಲ್ಲ.

ಶ್ಲೀಮನ್ನನ ನಂತರ ಬಂದವರು ಅವನಂಥವರಲ್ಲ, ನುರಿತವರು. ಆದರೂ ಒಂದು ವಿಷಯದಲ್ಲಿ ಅವನ ವಾರಸುದಾರರೇ. ದಿಬ್ಬದಲ್ಲಿ ಒಂದರ ಮೇಲೊಂದು ಒಂಬತ್ತು ನಗರಗಳ ಪದರಗಳಿವೆಯೆಂದು ವಿಂಗಡಿಸಿದ ವಿಲ್ಹೆಲ್ಮ್ ಡಾರ್ಪ್‌ಫೆಲ್ಡ್, 1893-94ರಲ್ಲಿ ಆರನೆಯ ಪದರದ ಭವ್ಯವಾದ ಕೋಟೆಗೋಡೆಗಳನ್ನು ಹೊರತೆಗೆದು ಇದೇ ಹೋಮರನ ಟ್ರಾಯ್ ಎಂದ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಕಾರ್ಲ್ ಬ್ಲೆಗನ್ 1932ರಿಂದ 1938ರವರೆಗೆ ಬಹಳ ಎಚ್ಚರಿಕೆಯಿಂದ ಅಗೆದು, ಆರನೆಯ ನಗರ ಬಿದ್ದದ್ದು ಭೂಕಂಪದಿಂದ ಎಂದು ತೋರಿಸಿದ. ಬಿರುಕುಬಿಟ್ಟ, ಜರುಗಿದ ಗೋಡೆಗಳು ಅದನ್ನೇ ಹೇಳುತ್ತಿದ್ದವು. ಹಾಗಾದರೆ ಯುದ್ಧ? ಅದನ್ನು ಬ್ಲೆಗನ್ ಮುಂದಿನ ಪದರಕ್ಕೆ, ಏಳನೆಯ 'ಎ' ಹಂತಕ್ಕೆ, ವರ್ಗಾಯಿಸಿದ. ಅಲ್ಲಿ ಕೋಟೆಯೊಳಗೆ ಇಕ್ಕಟ್ಟಾಗಿ ಕಟ್ಟಿದ ಪುಟ್ಟ ಮನೆಗಳಿದ್ದವು. ನೆಲದಲ್ಲಿ ಹೂತಿಟ್ಟ ದೊಡ್ಡ ದೊಡ್ಡ ವಾಡೆಗಳಿದ್ದವು. ಬೆಂಕಿಯ ಗುರುತು, ಒಂದಿಷ್ಟು ಮನುಷ್ಯರ ಮೂಳೆಗಳೂ ಇದ್ದವು. ಮುತ್ತಿಗೆಗೆ ಹೆದರಿದ ಜನ ಕೋಟೆಯೊಳಗೆ ಸೇರಿ ಧಾನ್ಯ ಕೂಡಿಟ್ಟುಕೊಂಡರೆಂದು ಅವನು ಓದಿದ. ಓದು ಸಾಧ್ಯ. ಆದರೆ ಭೂಕಂಪದ ನಂತರ ಬಡವಾದ ಊರಿನ ಜನ ಉಳಿದ ಗೋಡೆಗಳ ಆಸರೆಯಲ್ಲಿ ಒತ್ತೊತ್ತಾಗಿ ಬದುಕಿದರೂ ಚಿತ್ರ ಹೀಗೆಯೇ ಕಾಣುತ್ತದೆ. ಹೀಗೆ ಯುದ್ಧದ ವಿಳಾಸ ಎರಡರಿಂದ ಆರಕ್ಕೆ, ಆರರಿಂದ ಏಳಕ್ಕೆ ಬದಲಾಗುತ್ತ ಹೋಯಿತು. ಯುದ್ಧವೇ ಆಗಿಲ್ಲದಿರಬಹುದೇ ಎಂಬ ಪ್ರಶ್ನೆಗೆ ಮಾತ್ರ ಯಾವ ಪದರದಲ್ಲೂ ಜಾಗ ಸಿಗಲಿಲ್ಲ.

ದಿಬ್ಬದ ನೆತ್ತಿಯಲ್ಲಿ ಆರನೆಯ, ಏಳನೆಯ ನಗರಗಳ ಅರಮನೆ ಇದ್ದಿರಬೇಕಾದ ಜಾಗ ಇಂದು ಖಾಲಿ. ಇದರ ದೋಷವೆಲ್ಲ ಶ್ಲೀಮನ್ನನದಲ್ಲ. ಗ್ರೀಕರೂ ಆಮೇಲೆ ರೋಮನ್ನರೂ ಹೋಮರನ ಪುಣ್ಯಕ್ಷೇತ್ರವೆಂದು ಈ ಊರನ್ನು ಪೂಜಿಸಿದರು. ಅಥೇನಾ ದೇವಿಗೆ ವಿಶಾಲವಾದ ದೇವಾಲಯದ ಅಂಗಳ ಬೇಕೆಂದು ದಿಬ್ಬದ ತಲೆಯನ್ನೇ ಸಮತಟ್ಟಾಗಿ ಕತ್ತರಿಸಿದರು. ಐತಿಹ್ಯದ ಮೇಲಿನ ಭಕ್ತಿಯೇ ಐತಿಹ್ಯದ ಸಾಕ್ಷ್ಯವನ್ನು ಕೆರೆದು ಎಸೆಯಿತು.

ಹಾಗೆಂದು ಎಲ್ಲವೂ ಕಟ್ಟುಕತೆ ಎನ್ನುವವರ ಜೊತೆಗೂ ನಾವು ಹೋಗಬೇಕಾಗಿಲ್ಲ. ಅತ್ಯಂತ ಗಟ್ಟಿಯಾದ ಸಾಕ್ಷ್ಯ ಬಂದದ್ದು ಟ್ರಾಯ್‌ನಿಂದಲ್ಲ, ಮಧ್ಯ ಅನತೋಲಿಯಾದ ಹಟ್ಟೂಷಾದಿಂದ. 1906ರಲ್ಲಿ ಜರ್ಮನಿಯ ಹ್ಯೂಗೊ ವಿಂಕ್ಲರ್ ಮತ್ತು ಉಸ್ಮಾನಿ ವಸ್ತುಸಂಗ್ರಹಾಲಯದ ಅಧಿಕಾರಿ ಥಿಯೋಡರ್ ಮಕ್ರಿದಿ ಅಲ್ಲಿ ಹಿಟ್ಟೈಟ್ ಸಾಮ್ರಾಜ್ಯದ ದಫ್ತರವನ್ನೇ ಬಯಲಿಗೆಳೆದರು. ಸಾವಿರಾರು ಜೇಡಿಮಣ್ಣಿನ ಫಲಕಗಳು. ಆ ಬರಹಗಳಲ್ಲಿ 'ವಿಲೂಸಾ' ಎಂಬ ಪಶ್ಚಿಮದ ರಾಜ್ಯವೊಂದು ಬರುತ್ತದೆ. ಟ್ರಾಯ್‌ಗೆ ಹೋಮರ್ ಬಳಸುವ ಇನ್ನೊಂದು ಹೆಸರು ಇಲಿಯೋಸ್. ಗ್ರೀಕಿನಲ್ಲಿ ಮೊದಲಿದ್ದು ಆಮೇಲೆ ಬಿದ್ದುಹೋದ 'ವ'ಕಾರವನ್ನು ಸೇರಿಸಿದರೆ ಅದು ವಿಲಿಯೋಸ್. ಕ್ರಿ.ಪೂ. 1280ರ ಸುಮಾರಿಗೆ ಹಿಟ್ಟೈಟ್ ದೊರೆ ಎರಡನೆಯ ಮುವತಲ್ಲಿ ವಿಲೂಸಾದ ಅರಸ ಅಲಕ್ಸಂದು ಎಂಬವನೊಡನೆ ಒಪ್ಪಂದ ಮಾಡಿಕೊಂಡ. ಹೆಲೆನಳನ್ನು ಕರೆದೊಯ್ದ ಪ್ಯಾರಿಸನಿಗೆ ಹೋಮರ್ ಕೊಡುವ ಇನ್ನೊಂದು ಹೆಸರು ಅಲೆಕ್ಸಾಂಡ್ರೋಸ್. ಒಪ್ಪಂದದ ಸಾಕ್ಷಿದೇವತೆಗಳ ಪಟ್ಟಿಯಲ್ಲಿ ವಿಲೂಸಾದ ನೆಲದಡಿಯ ನೀರಿನ ದಾರಿಯೂ ಸೇರಿದೆ. 1997ರಲ್ಲಿ ಹಿಸಾರ್ಲಿಕ್‌ನಲ್ಲಿ ಬಂಡೆ ಕೊರೆದ ನೀರಿನ ಸುರಂಗ ಬೆಳಕಿಗೆ ಬಂತು! ಅಹ್ಹಿಯಾವಾ ಎಂಬ ಕಡಲಾಚೆಯ ರಾಜ್ಯದ ದೊರೆಗೆ ಬರೆದ ಪತ್ರವೊಂದರಲ್ಲಿ, ವಿಲೂಸಾದ ವಿಷಯವಾಗಿ ಇಬ್ಬರ ನಡುವೆ ಇದ್ದ ವೈಮನಸ್ಸು ಈಗ ಬಗೆಹರಿದಿದೆ ಎಂಬರ್ಥದ ಮಾತಿದೆ. ಹೋಮರ್ ಗ್ರೀಕರನ್ನು ಕರೆಯುವ 'ಅಖಾಯ' ಎಂಬ ಹೆಸರೂ ಅಹ್ಹಿಯಾವಾ ಎಂಬುದೂ ಒಂದೇ ಎಂದು ಇಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ.

ಇದನ್ನು ಓದಿದಾಗ ಯಾರಿಗೂ ರೋಮಾಂಚನವಾಗುತ್ತದೆ. ಆದರೆ ಪತ್ರ ಏನು ಹೇಳುತ್ತದೋ ಅಷ್ಟನ್ನೇ ಓದಬೇಕು. ಒಪ್ಪಂದದ ಅಲಕ್ಸಂದು ಹಿಟ್ಟೈಟರ ಮಿತ್ರ, ತನ್ನ ಸಿಂಹಾಸನದಲ್ಲಿ ಭದ್ರವಾಗಿ ಕುಳಿತ ಅರಸ. ಹೆಣ್ಣನ್ನು ಕದ್ದೊಯ್ದ ರಾಜಕುಮಾರನ ಸುಳಿವೇ ಇಲ್ಲ. ಜಗಳ ಸಂಧಾನದಲ್ಲಿ ಮುಗಿದಿದೆ, ಬೂದಿಯಲ್ಲಲ್ಲ. ಏಳನೆಯ ನಗರ ಸುಟ್ಟದ್ದು ಕ್ರಿ.ಪೂ. 1180ರ ಸುಮಾರಿಗೆ, ಅಂದರೆ ಒಪ್ಪಂದಕ್ಕೆ ನೂರು ವರ್ಷಗಳ ನಂತರ. ಆ ಹೊತ್ತಿಗೆ ಗ್ರೀಸಿನ ಪೈಲೋಸ್, ಮೈಸಿನಿ ಮೊದಲಾದ ಅರಮನೆಗಳೇ ಸುಟ್ಟು ಕುಸಿಯುತ್ತಿದ್ದವು. ಹಿಟ್ಟೈಟ್ ರಾಜಧಾನಿ ಬರಿದಾಗಿತ್ತು. ತನ್ನ ಮನೆ ಉರಿಯುತ್ತಿರುವಾಗ ಸಾವಿರ ಹಡಗು ಕಟ್ಟಿ ಹತ್ತು ವರ್ಷ ಹೊರಗೆ ಕೂರುವ ಅಗಮೆಮ್ನನ್ ಯಾರು? ಅಲೆಕ್ಸಾಂಡ್ರಿಯಾದ ಗ್ರಂಥಪಾಲಕ ಎರಟೋಸ್ತನೀಸ್ ಟ್ರಾಯ್ ಪತನಕ್ಕೆ ಕ್ರಿ.ಪೂ. 1184 ಎಂದು ಲೆಕ್ಕ ಹಾಕಿದ್ದು ಈಗಿನ ಕಾಲಗಣನೆಗೆ ಹೊಂದುತ್ತದೆ ಎಂದು ಕೆಲವರು ಹಿಗ್ಗುತ್ತಾರೆ. ಅವನು ಲೆಕ್ಕ ಹಾಕಿದ್ದು ಸ್ಪಾರ್ಟಾದ ರಾಜವಂಶಾವಳಿಗಳಿಂದ. ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಹೊತ್ತು ತೋರಿಸುತ್ತದೆ.

1988ರಿಂದ 2005ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ಅಗೆತ ನಡೆಸಿದ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಮ್ಯಾನ್‌ಫ್ರೆಡ್ ಕೋರ್ಫ್‌ಮನ್ ಬಗ್ಗೆ ನನಗೆ ಗೌರವವಿದೆ. ಕಂಚಿನ ಯುಗದ ಟ್ರಾಯ್ ಅನತೋಲಿಯಾದ ಊರು, ಗ್ರೀಸಿನ ಹಿತ್ತಲಲ್ಲ ಎಂದು ಒತ್ತಿ ಹೇಳಿದವರು ಅವರು. 1995ರಲ್ಲಿ ಸಿಕ್ಕ ಪುಟ್ಟ ಕಂಚಿನ ಮುದ್ರೆಯಲ್ಲಿದ್ದುದು ಗ್ರೀಕ್ ಲಿಪಿಯಲ್ಲ, ಲೂವಿಯನ್ ಚಿತ್ರಲಿಪಿ. ಟರ್ಕಿಯನ್ನು ಅವರು ಎಷ್ಟು ಹಚ್ಚಿಕೊಂಡರೆಂದರೆ ಅಲ್ಲಿನ ಪೌರತ್ವ ಪಡೆದು ಉಸ್ಮಾನ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಕೋಟೆಯ ಹೊರಗೆ ಬಂಡೆಯಲ್ಲಿ ಕಡಿದ ಕಂದಕವನ್ನು ಪತ್ತೆ ಹಚ್ಚಿ, ಕೆಳಪಟ್ಟಣವೊಂದು ಇತ್ತೆಂದು ತೋರಿಸಿದರು. ಸುಟ್ಟ ಪದರದಲ್ಲಿ ಬಾಣದ ಮೊನೆಗಳು, ಕವಣೆಕಲ್ಲುಗಳು, ಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕವು. ಕೊನೆಯ ದಿನಗಳಲ್ಲಿ ಏಳನೆಯ ನಗರ ಯುದ್ಧದಿಂದಲೇ ಬಿತ್ತೆಂಬುದನ್ನು ಈಗ ಅಲ್ಲಗಳೆಯುವುದು ಕಷ್ಟ. ಆದರೆ 2001ರಲ್ಲಿ ಜರ್ಮನಿಯಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಆ ಕೆಳಪಟ್ಟಣವನ್ನು ಸಾಲುಸಾಲು ಮನೆಗಳ ಮಾದರಿಯಾಗಿ ತೋರಿಸಿದಾಗ, ಅದೇ ವಿಶ್ವವಿದ್ಯಾಲಯದ ಇತಿಹಾಸಕಾರ ಫ್ರಾಂಕ್ ಕೋಲ್ಬ್ ಸಿಡಿದೆದ್ದರು. ಅಗೆದದ್ದು ಅಲ್ಪ, ಕಟ್ಟಿ ತೋರಿಸಿದ್ದು ಬಹಳ ಎಂಬುದು ಅವರ ಆಕ್ಷೇಪ. ಕೋರ್ಫ್‌ಮನ್‌ರನ್ನು ಅವರು ಅನ್ಯಗ್ರಹವಾಸಿಗಳ ಕತೆ ಬರೆದ ಎರಿಕ್ ಫಾನ್ ಡೇನಿಕನ್‌ಗೆ ಹೋಲಿಸಿದ್ದು ಅತಿಯಾಯಿತು. ಆಕ್ಷೇಪದ ತಿರುಳು ಮಾತ್ರ ಸರಿಯಿತ್ತು. ಜನ ಪ್ರದರ್ಶನಕ್ಕೆ ಮುಗಿಬಿದ್ದದ್ದು ಕಂಚಿನ ಯುಗದ ವ್ಯಾಪಾರಿ ಪಟ್ಟಣ ನೋಡಲು ಅಲ್ಲ, ಅಕಿಲೀಸನ ಟ್ರಾಯ್ ನೋಡಲು. ಪ್ರದರ್ಶನ ಏರ್ಪಡಿಸಿದವರಿಗೂ ಅದು ಗೊತ್ತಿತ್ತು.

ಊರು ಸುಟ್ಟದ್ದು ನಿಜ, ಜನ ಸತ್ತದ್ದು ನಿಜ. ಸುಟ್ಟವರ ಹೆಸರಿಗಾಗಿ ಕಾವ್ಯವನ್ನು ಏಕೆ ನಂಬಬಾರದು? ಇದಕ್ಕೆ ಉತ್ತರ ಕೊಟ್ಟವನು ಕೇಂಬ್ರಿಜ್‌ನ ಮೋಸೆಸ್ ಫಿನ್ಲಿ. 1964ರಲ್ಲಿ ನಡೆದ ಪ್ರಸಿದ್ಧ ಚರ್ಚೆಯಲ್ಲಿ ಅವನು ಮುಂದಿಟ್ಟ ಉದಾಹರಣೆಗಳಲ್ಲಿ ಫ್ರೆಂಚರ ವೀರಕಾವ್ಯ 'ರೋಲಾನನ ಗೀತೆ'ಯೂ ಒಂದು. 778ರಲ್ಲಿ ಸ್ಪೇನಿನಿಂದ ಮರಳುತ್ತಿದ್ದ ಶಾರ್ಲಮೇನ್ ದೊರೆಯ ಹಿಂದಳದ ಮೇಲೆ ಪಿರೆನೀಸ್ ಬೆಟ್ಟದ ಕಣಿವೆಯಲ್ಲಿ ದಾಳಿಯಾಯಿತು. ರೋಲಾನ್ ಸತ್ತ. ದಾಳಿ ಮಾಡಿದವರು ಬೆಟ್ಟದ ಬಾಸ್ಕ್ ಜನರು ಎಂದು ದೊರೆಯ ಚರಿತ್ರೆ ಬರೆದ ಐನ್‌ಹಾರ್ಡನೇ ದಾಖಲಿಸಿದ್ದಾನೆ. ಮುನ್ನೂರು ವರ್ಷಗಳ ನಂತರ, ಕ್ರೂಸೇಡುಗಳ ಕಾಲದ ಹೊಸ್ತಿಲಲ್ಲಿ ಕಾವ್ಯ ಬರಹಕ್ಕಿಳಿದಾಗ, ಬಾಸ್ಕರು ಮಾಯವಾಗಿದ್ದರು. ಅವರ ಜಾಗದಲ್ಲಿ ಲಕ್ಷಗಟ್ಟಲೆ ಮುಸ್ಲಿಮರು ನಿಂತಿದ್ದರು. ಅದೂ ವಿಗ್ರಹಗಳನ್ನು ಪೂಜಿಸುವ ಮುಸ್ಲಿಮರು! ಕಣಿವೆ ನಿಜ, ಸಾವು ನಿಜ, ವೀರನ ಹೆಸರೂ ನಿಜ. ವೈರಿ ಮಾತ್ರ ಬದಲು. ಐನ್‌ಹಾರ್ಡನ ಬರಹ ಕಳೆದುಹೋಗಿ, ಯಾರೋ ಪುರಾತತ್ವಜ್ಞ ಆ ಕಣಿವೆಯಲ್ಲಿ ಮೂಳೆಗಳನ್ನು ಅಗೆದು ತೆಗೆದಿದ್ದರೆ, ಅವನು ಕಾವ್ಯವನ್ನು ತೋರಿಸಿ ಯಾರ ಮೇಲೆ ಕೊಲೆಯ ಹೊಣೆ ಹೊರಿಸುತ್ತಿದ್ದ? ಟ್ರಾಯ್‌ನ ಪಾಲಿಗೆ ಐನ್‌ಹಾರ್ಡ್ ಇಲ್ಲ.

ಕಾವ್ಯ ಹೀಗೆ ಬದಲಾಗುವುದು ಕವಿಯ ಮೋಸದಿಂದಲ್ಲ. ಬಾಯಿಪಾಠದ ಪರಂಪರೆಯ ಗುಣವೇ ಅದು. ಇದನ್ನು ಜಗತ್ತಿಗೆ ತಿಳಿಸಿದ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಹೋಮರನ ಗುಟ್ಟನ್ನು ಹುಡುಕಿ ಹೋದದ್ದು ಬಾಲ್ಕನ್ ಪ್ರದೇಶದ ಕಾಫಿ ಅಂಗಡಿಗಳಿಗೆ. ರಮಝಾನ್ ರಾತ್ರಿಗಳಲ್ಲಿ ಅಲ್ಲಿ ಗಾಯಕರು ವೀರಗಾಥೆ ಹಾಡುತ್ತಿದ್ದರು. 1935ರಲ್ಲಿ ಇಂದಿನ ಮಾಂಟೆನೆಗ್ರೋದ ಬಿಯೆಲೊ ಪೋಲ್ಯೆ ಎಂಬಲ್ಲಿ ಅವನಿಗೆ ಸಿಕ್ಕವನು ಅವ್ದೊ ಮೆಜೆದೋವಿಚ್ ಎಂಬ ಮುಸ್ಲಿಂ ಕಟುಕ. ಓದುಬರಹ ಬಾರದವನು. ಅವನು ಹೇಳಿ ಬರೆಸಿದ ಒಂದು ಕಾವ್ಯವೇ ಹನ್ನೆರಡು ಸಾವಿರ ಸಾಲು ದಾಟಿತು, ಹತ್ತಿರಹತ್ತಿರ ಒಡಿಸ್ಸಿಯಷ್ಟು. ಯುರೋಪ್ ತನ್ನ ಸಂಸ್ಕೃತಿಯ ಮೊದಲ ಕವಿಯೆಂದು ಹೊಗಳುವ ಹೋಮರ್ ಹೇಗೆ ಹಾಡಿರಬಹುದೆಂದು ತಿಳಿಯಲು ಈ ಕಟುಕನ ಬಾಯಿಂದ ಕೇಳಬೇಕಾಯಿತು. ಅವ್ದೊನಂಥ ಗಾಯಕ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಆದರೆ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಿದ್ದ, ಕೇಳುವವರಿಗೆ ತಕ್ಕಂತೆ ಬೆಳೆಸುತ್ತಿದ್ದ. ಹೋಮರನಲ್ಲೂ ಹಾಗೆಯೇ. ಹಂದಿಯ ಕೋರೆಹಲ್ಲು ಹೊದಿಸಿದ ಶಿರಸ್ತ್ರಾಣವೊಂದನ್ನು ಅವನು ವರ್ಣಿಸುತ್ತಾನೆ. ಅಂಥವು ಅವನಿಗಿಂತ ಶತಮಾನಗಳ ಹಿಂದಿನ ಮೈಸಿನಿ ಕಾಲದ ಗೋರಿಗಳಲ್ಲಿ ನಿಜವಾಗಿ ಸಿಕ್ಕಿವೆ. ಆದರೆ ಮೈಸಿನಿಯವರು ಸತ್ತವರನ್ನು ಹೂಳುತ್ತಿದ್ದರು. ಹೋಮರನ ವೀರರನ್ನು ಚಿತೆಯಲ್ಲಿ ಸುಡುತ್ತಾರೆ. ನಾಲ್ಕೈದು ಶತಮಾನಗಳ ಸರಕು ಒಂದೇ ಹಾಡಿನಲ್ಲಿ ಬೆರೆತಿದೆ. ಅದನ್ನು ಪದರ ಪದರವಾಗಿ ಬಿಡಿಸಲು ಯಾವ ಗುದ್ದಲಿಯೂ ಇಲ್ಲ.

ಆದರೂ ಆ ದಿಬ್ಬದ ಮೇಲೆ ನಿಂತ ಪ್ರತಿಯೊಬ್ಬನೂ ಒಂದು ಪಕ್ಷ ಹಿಡಿದಿದ್ದಾನೆ. ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೊರಟ ಪರ್ಷಿಯದ ಝರ್ಕ್ಸೀಸ್ ಅಲ್ಲಿ ಸಾವಿರ ಎತ್ತುಗಳನ್ನು ಬಲಿಕೊಟ್ಟನೆಂದು ಹೆರೊಡೋಟಸ್ ಬರೆಯುತ್ತಾನೆ. ಪರ್ಷಿಯದ ಮೇಲೆ ಹೊರಟ ಅಲೆಕ್ಸಾಂಡರ್ ಕ್ರಿ.ಪೂ. 334ರಲ್ಲಿ ಅದೇ ಜಾಗದಲ್ಲಿ ಅಕಿಲೀಸನನ್ನು ಸ್ಮರಿಸಿದ. 1462ರಲ್ಲಿ ಸುಲ್ತಾನ್ ಎರಡನೆಯ ಮುಹಮ್ಮದ್ ಅಲ್ಲಿಗೆ ಬಂದು ವೀರರ ಗೋರಿಗಳನ್ನು ವಿಚಾರಿಸಿದರೆಂದೂ, ಇಷ್ಟು ಕಾಲದ ನಂತರ ಈ ನಗರದ ಸೇಡು ತೀರಿಸಿಕೊಳ್ಳುವ ಭಾಗ್ಯವನ್ನು ದೇವರು ತನಗೆ ಕೊಟ್ಟನೆಂಬರ್ಥದ ಮಾತಾಡಿದರೆಂದೂ ಅವರ ಗ್ರೀಕ್ ಚರಿತ್ರೆಕಾರ ಕ್ರಿಟೊಬೂಲಸ್ ದಾಖಲಿಸಿದ್ದಾನೆ. ಸುಲ್ತಾನರ ಗ್ರಂಥಭಂಡಾರದಲ್ಲಿ ಗ್ರೀಕ್ ಇಲಿಯಡ್‌ನ ಪ್ರತಿಯೊಂದಿತ್ತು. ಆದರೆ ಅವರೂ ಆ ಕಾವ್ಯವನ್ನು ಸೇಡಿನ ದಸ್ತಾವೇಜಾಗಿ ಬಳಸಿದ್ದು ಸೋಜಿಗ. ಅದರ ಕೊನೆಯ ಸರ್ಗದಲ್ಲಿ ಪ್ರಿಯಾಮ ರಾತ್ರಿಯ ಹೊತ್ತು ವೈರಿಯ ಬಿಡಾರಕ್ಕೆ ಹೋಗಿ, ತನ್ನ ಮಗನನ್ನು ಕೊಂದವನ ಕೈಗೆ ಮುತ್ತಿಟ್ಟು ಶವ ಬೇಡುತ್ತಾನೆ. ಇಬ್ಬರೂ ಕುಳಿತು ಅಳುತ್ತಾರೆ. ಗ್ರೀಕ್ ಕವಿ ತನ್ನ ಕಾವ್ಯವನ್ನು ಮುಗಿಸಿದ್ದು ವೈರಿಯ ಮನೆಯ ಶೋಕದಲ್ಲಿ. ಇದಕ್ಕೆ ಯಾವ ಉತ್ಖನನದ ದೃಢೀಕರಣವೂ ಬೇಕಿಲ್ಲ, ಯಾವ ಉತ್ಖನನವೂ ಇದನ್ನು ಅಲ್ಲಗಳೆಯಲಾರದು.

ಹೋಮರ್ ಹೆಸರಿಸಿದವರನ್ನು ಮಣ್ಣಿನಲ್ಲಿ ಹುಡುಕುವ ಭರದಲ್ಲಿ, ಮಣ್ಣಿನಲ್ಲಿ ನಿಜವಾಗಿ ಸಿಕ್ಕವರತ್ತ ನಮ್ಮ ಗಮನ ಹೋಗುವುದಿಲ್ಲ. ಗ್ರೀಸಿನ ಪೈಲೋಸ್ ಅರಮನೆ ಸುಟ್ಟಾಗ ಅದರ ದಫ್ತರದ ಮಣ್ಣಿನ ಫಲಕಗಳು ಬೆಂದು ಗಟ್ಟಿಯಾಗಿ ಉಳಿದವು. ಅವುಗಳ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ. ಟ್ರಾಯ್ ದಂಡಯಾತ್ರೆಯ ಸುದ್ದಿ ಅವುಗಳಲ್ಲಿಲ್ಲ. ಇರುವುದು ಅರಮನೆಯ ಲೆಕ್ಕಪತ್ರ. ಅದರಲ್ಲಿ ದುಡಿಯುವ ನೂರಾರು ಹೆಂಗಸರ ಪಟ್ಟಿಗಳಿವೆ. ನೂಲುವವರು, ನೇಯುವವರು, ಧಾನ್ಯ ಬೀಸುವವರು. ಅವರಿಗೆ ಹೆಸರಿಲ್ಲ, ಕೆಲಸದಿಂದ ಇಲ್ಲವೇ ಬಂದ ಊರಿನಿಂದ ಗುರುತು. ಮಿಲೆಟಸ್‌ನವರು, ಕ್ನಿಡಸ್‌ನವರು, ಟ್ರಾಯ್‌ಗೆ ಎದುರಿನ ಲೆಮ್ನೋಸ್ ದ್ವೀಪದವರು. ಎಲ್ಲ ಪೂರ್ವದ ಕಡಲ ಕರೆಯವರು. ಒಂದು ಪದವನ್ನು ವಿದ್ವಾಂಸರು 'ಸೆರೆ ಹಿಡಿದು ತಂದವರು' ಎಂದು ಓದುತ್ತಾರೆ. ಅವರ ಊರುಗಳಿಗೆ ಏನಾಯಿತೆಂದು ಗುಮಾಸ್ತ ಬರೆದಿಲ್ಲ. ಎಷ್ಟು ಹೆಂಗಸರು, ಎಷ್ಟು ಹೆಣ್ಣುಮಕ್ಕಳು, ಎಷ್ಟು ಗಂಡುಮಕ್ಕಳು, ತಿಂಗಳಿಗೆ ಎಷ್ಟು ಧಾನ್ಯ, ಎಷ್ಟು ಅಂಜೂರ ಎಂದು ಮಾತ್ರ ಬರೆದಿದ್ದಾನೆ.